ಅಜ್ಜಿಯ ಹಳೇ ಜಪಸರ ಕಡಿದಿದೆ, ಮನೆಯಲ್ಲೇ ಸರಿ ಮಾಡಬಹುದಾ? (ಪುಣೆ)

ಹೇಮಾವತಿ_ದಡ

ಎಲ್ಲರಿಗೂ ನಮಸ್ಕಾರ. ಊರು ಹಾಸನ ಕಡೆ, ಈಗ ಇರೋದು ಪುಣೆಯ ವಡಗಾಂವ್ ಶೇರಿಯಲ್ಲಿ. ಅಜ್ಜಿಯ ಜಪಸರ (ರೋಸರಿ) ಅಮ್ಮನಿಂದ ನನ್ನ ಕೈಗೆ ಬಂದಿದೆ. ಅಜ್ಜಿಯ ತವರು ಶೆಟ್ಟಿಹಳ್ಳಿ. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಲ್ಲಿ ಅರ್ಧ ಮುಳುಗಿ ನಿಲ್ಲುತ್ತಲ್ಲ, ಆ ರೋಸರಿ ಚರ್ಚಿನ ಊರು. ಊರು ಬಿಟ್ಟು ಬರುವಾಗ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ತಂದ ಸರ ಇದು ಅಂತ ಅಮ್ಮ ಹೇಳ್ತಾರೆ.

ಮಣಿಗಳು ಕಪ್ಪು ಮರದವು, ಬೆರಳು ತಾಗಿ ತಾಗಿ ಕಂದು ಬಣ್ಣಕ್ಕೆ ತಿರುಗಿವೆ. ತಂತಿ ಪೂರ್ತಿ ಕಪ್ಪಾಗಿದೆ. ಶಿಲುಬೆ ಲೋಹದ ಚೌಕಟ್ಟಿನೊಳಗೆ ಮರ ಕೂರಿಸಿದ್ದು, ಮೇಲೆ ಲೋಹದ ಯೇಸು. ನಡುವಿನ ಪದಕದಲ್ಲಿ ಮಾತೆ ಮರಿಯಳ ಮುಖ ಸವೆದು ಮೂಗು ಮಾತ್ರ ಕಾಣುತ್ತೆ. ಎರಡನೇ ಹತ್ತರಲ್ಲಿ, ಅಂದರೆ ಹತ್ತು ಸಣ್ಣ ಮಣಿಗಳ ಎರಡನೇ ಸಾಲಿನಲ್ಲಿ ಕಡಿದಿದೆ, ಒಂದು ಸಣ್ಣ ಮಣಿ ಕಳೆದುಹೋಗಿದೆ. ಪದಕದ ಪಕ್ಕದ ರಿಂಗ್ ಕೂಡ ಬಾಯಿ ಬಿಟ್ಟಿದೆ.

ಕ್ಯಾಂಪಿನ ಒಂದು ಅಂಗಡಿಯಲ್ಲಿ ತೋರಿಸಿದೆ. "ಹೊಸ ಮಣಿ ಹಾಕಿ ಪೂರ್ತಿ ಹೊಸದಾಗಿ ಮಾಡಿಕೊಡ್ತೀವಿ, ಪದಕ, ಶಿಲುಬೆ ಮಾತ್ರ ಹಳೇದು ಇಟ್ಕೊಳ್ಳಿ" ಅಂದ್ರು. ಇನ್ನೊಬ್ಬರು ಎಲಾಸ್ಟಿಕ್‌ನಲ್ಲಿ ಪೋಣಿಸೋಣ ಅಂದ್ರು. ಎರಡಕ್ಕೂ ಮನಸ್ಸು ಒಪ್ಪಲಿಲ್ಲ. ನಾನೇ ಕಲಿತು ಮಾಡಬಹುದಾ? ಏನೇನು ಸಾಮಾನು ಬೇಕು? ಹೊಸ ಮಣಿ ಸೇರಿಸಿದರೆ ಚರ್ಚಿನ ಸ್ವಾಮಿಗಳ ಹತ್ತಿರ ಮತ್ತೆ ಆಶೀರ್ವಾದ ಮಾಡಿಸಬೇಕಾ? ಅಕ್ಟೋಬರ್ ಜಪಸರದ ತಿಂಗಳು, ಅಷ್ಟರೊಳಗೆ ಇದನ್ನು ಕೈಯಲ್ಲಿ ಹಿಡಿದು ಪ್ರಾರ್ಥನೆ ಮಾಡಬೇಕು ಅನ್ನೋ ಆಸೆ.

ವಾಸ್ಕೊ_ಟೀಚರ್

ಖಂಡಿತ ಮಾಡಬಹುದು ತಂಗಿ. ನಮ್ಮದು ಬೆಳಗಾವಿ ಕಡೆ, ಕೆಲಸ ವಾಸ್ಕೊದಲ್ಲಿ. ಇಲ್ಲಿ ಗೋವಾದಲ್ಲಿ ಸಂಜೆಯಾದರೆ ಮನೆಮನೆಯಲ್ಲಿ ತೇರ್ಸ್ (ಜಪಸರದ ಪ್ರಾರ್ಥನೆ) ಹೇಳ್ತಾರೆ, ಹಾಗಾಗಿ ಕಡಿದ ಸರಗಳಿಗೂ ಕಮ್ಮಿ ಇಲ್ಲ. ನಾನು ಹೇಳೋದು ಎರಡೇ ಮಾತು.

ಅಜ್ಜಿಯ ಸರದ ಮೇಲೆ ಮೊದಲ ಪಾಠ ಬೇಡ. ಚರ್ಚಿನ ಮುಂದೆ ಮೇಣದಬತ್ತಿ ಜೊತೆ ಮಾರುವ ಅಗ್ಗದ ಸರ ಒಂದು ತಗೊಳ್ಳಿ, ಹಳೇ ಗೋವಾದ ಬಾಮ್ ಜೀಸಸ್ ಬೆಸಿಲಿಕಾ ಹತ್ತಿರ ಸಿಗೋ ಥರದ್ದು. ಅದರ ಕೊಂಡಿಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿ. ಕೊನೇ ಹತ್ತಕ್ಕೆ ಬರುವಷ್ಟರಲ್ಲಿ ಕೈ ತಾನಾಗಿ ಕೂರುತ್ತೆ, ಆ ಸರವೂ ಮೊದಲಿಗಿಂತ ಗಟ್ಟಿಯಾಗುತ್ತೆ.

ಇನ್ನೊಂದು, ತಂತಿ, ರಿಂಗ್ ಕೊಳ್ಳುವಾಗ ಪರ್ಸಿನಲ್ಲಿ ಫ್ರಿಜ್ ಮೇಲೆ ಅಂಟಿಸುವ ಸಣ್ಣ ಆಯಸ್ಕಾಂತ ಇಟ್ಟುಕೊಂಡು ಹೋಗಿ. ಅಂಟಿಕೊಂಡರೆ ಒಳಗೆ ಕಬ್ಬಿಣ, ಮೇಲೆ ಬರೀ ಪಾಲಿಶ್. ಸಮುದ್ರದ ಗಾಳಿಗೆ ಅದು ಒಂದು ಮಳೆಗಾಲ ಕಳೆಯೋದರೊಳಗೆ ತುಕ್ಕು ಹಿಡಿಯುತ್ತೆ. ಪುಣೆಯಲ್ಲೂ ಕೈ ಬೆವರು ಸಾಕು.

ಟೂಲ್‌ರೂಮ್_ನಿವೃತ್ತ

ನೋಡಮ್ಮಾ, ಹೊಸ ಮಣಿ ಹಾಕಿಸಬೇಡ. ನಿಮ್ಮಜ್ಜಿ ಸರದಲ್ಲಿ ಕೆಟ್ಟಿರೋದು ತಂತಿ. ಮಣಿಗೆ ಏನೂ ಆಗಿಲ್ಲ. ನಮೋ ಮರಿಯ ಪ್ರಾರ್ಥನೆ ಹೇಳುವಾಗ ಬೆರಳು ಹಿಡಿಯೋದು ಮಣಿಯನ್ನ. ಅಷ್ಟು ವರ್ಷದ ಬೆರಳಿನ ಹೊಳಪು ಯಾವ ಅಂಗಡಿಯಲ್ಲೂ ಸಿಗೋದಿಲ್ಲ. ತಂತಿ ಬದಲಾಯಿಸು, ಮಣಿ ಉಳಿಸು. ನಾನು ಸರ ರಿಪೇರಿ ಮಾಡೋದೇ ಈ ಒಂದು ನಂಬಿಕೆ ಮೇಲೆ.

ನಾನು ಕೊಳ್ಳೇಗಾಲದ ಕಡೆಯವನು. ಪಿಂಪ್ರಿಯ ಒಂದು ಫ್ಯಾಕ್ಟರಿ ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿದ್ದೆ, ನಿವೃತ್ತಿಯಾದ ಮೇಲೆ ಈ ಕೆಲಸ ಹಿಡಿದೆ. ನಮ್ಮ ಚರ್ಚಿನವರು ಅಕ್ಟೋಬರ್ ಬರೋ ಮುಂಚೆ ಕಡಿದ ಸರಗಳನ್ನ ಸ್ಟೀಲ್ ಡಬ್ಬಿಗೆ ಹಾಕಿ ಕೊಡ್ತಾರೆ. ಸರ ಕಡಿಯೋದು ತಂತಿ ಹಳೇದಾಗಿ ಅಂತ ಎಲ್ಲರೂ ಅಂದ್ಕೋತಾರೆ. ನನ್ನ ಮೇಜಿಗೆ ಬಂದವುಗಳಲ್ಲಿ ಜಾಸ್ತಿ ಕಡಿದಿರೋದು ಕೊಂಡಿಯ ಬಾಯಿ ಸರಿಯಾಗಿ ಮುಚ್ಚದೇ ಇದ್ದಿದ್ದರಿಂದ. ಕೂದಲೆಳೆ ಜಾಗ ಇದ್ದರೂ ಸಾಕು, ಪಕ್ಕದ ಕೊಂಡಿ ಒಂದಿನ ಅದರೊಳಗೆ ನುಸುಳಿ ಆಚೆ ಬರುತ್ತೆ.

ಈಗ ಕೆಲಸಕ್ಕೆ ಬರೋಣ. ಬಿಳಿ ಟವೆಲ್ ಹಾಸಿ ಸರವನ್ನ ಅದರ ಆಕಾರದಲ್ಲೇ ಮಲಗಿಸು. ಟವೆಲ್ ಯಾಕೆ ಅಂದ್ರೆ ಮಣಿ ಉರುಳೋದಿಲ್ಲ. ಎರಡೂ ಮುಖದ ಫೋಟೊ ತೆಗಿ. ಪದಕಕ್ಕೂ ಶಿಲುಬೆಗೂ ಮುಂದು ಹಿಂದು ಇದೆ, ಬಿಚ್ಚಿದ ಮೇಲೆ ಗೊತ್ತಾಗೋದಿಲ್ಲ. ಎರಡು ಮಣಿ ಮಧ್ಯೆ ಸಣ್ಣ ಸರಪಳಿ ಕೊಂಡಿ ಎಷ್ಟಿವೆ ಅಂತ ಬರೆದಿಡು. ಆಮೇಲೆ ಎಣಿಸು. ಐದು ಹತ್ತು ಸೇರಿ 50, ಬಾಲದಲ್ಲಿ (ಪದಕದಿಂದ ಶಿಲುಬೆವರೆಗೆ ನೇತಾಡೋ ಭಾಗ) 3, ಒಟ್ಟು 53 ಸಣ್ಣ ಮಣಿ. ದೊಡ್ಡ ಮಣಿ 6: ಬಾಲದಲ್ಲಿ ಎರಡು, ಹತ್ತುಗಳ ನಡುವೆ ನಾಲ್ಕು. ಎಲ್ಲ ಸೇರಿ 59. ನಿನ್ನ ಹತ್ತಿರ 58 ಇರಬೇಕು. ಅದಕ್ಕಿಂತ ಕಮ್ಮಿ ಬಂದರೆ ಇನ್ನೊಂದೆಲ್ಲೋ ಬಿದ್ದಿದೆ, ಸೆರಗು, ಪರ್ಸು, ಪ್ರಾರ್ಥನೆ ಪುಸ್ತಕದ ಬೆನ್ನು ಎಲ್ಲಾ ಹುಡುಕು.

ಮುಂದೆ ಭೂತಗನ್ನಡಿ ಹಿಡಿದು ಒಂದೊಂದು ಕೊಂಡಿಯ ಒಳಮೈ ನೋಡು. ಪಕ್ಕದ ಕೊಂಡಿ ಉಜ್ಜಿದ ಕಡೆ ಗೀರು ಬಿದ್ದಿರುತ್ತೆ. ಅಲ್ಲಿ ತಂತಿ ಅರ್ಧಕ್ಕಿಂತ ಸಣ್ಣಗಾಗಿದ್ದರೆ ಆ ಮಣಿಯ ತಂತಿ ಬದಲಾಯಿಸು. ಬರೀ ಬಾಯಿ ಬಿಟ್ಟಿದ್ದರೆ ಮುಚ್ಚು. ಚೆನ್ನಾಗಿರೋದನ್ನ ಮುಟ್ಟಬೇಡ. ಎಲ್ಲಾ ಒಂದೇ ಥರ ಹೊಳೀಲಿ ಅಂತ 59ಕ್ಕೂ ಹೊಸ ತಂತಿ ಹಾಕೋ ಚಪಲ ಬರುತ್ತೆ, ನನಗದು ಸರಿ ಕಾಣೋದಿಲ್ಲ. ಹಳೇ ಕೆಲಸಗಾರ ಯಾರೋ ಕೂತು ಸುತ್ತಿದ ಕೊಂಡಿ ಅದು, ಇನ್ನೂ ದುಡೀತಿದೆ, ದುಡೀಲಿ.

ಸಾಮಾನು ಮೂರೇ. ಮೊನೆ ಗುಂಡಗೆ, ತುದಿಗೆ ಹೋಗ್ತಾ ಸಣ್ಣಗಾಗುವ ರೌಂಡ್ ನೋಸ್ ಇಕ್ಕಳ. ಒಳಗೆ ಹಲ್ಲಿಲ್ಲದ ಚಪ್ಪಟೆ ಇಕ್ಕಳ. ಒಂದು ಸಣ್ಣ ಕಟರ್. ಮನೆಯಲ್ಲಿರೋ ಎಲೆಕ್ಟ್ರಿಶಿಯನ್ ಇಕ್ಕಳಕ್ಕೆ ಹಲ್ಲಿರುತ್ತೆ, ತಂತಿ ಮೇಲೆ ಗಾಯ ಮಾಡುತ್ತೆ, ಗಾಯವಾದ ಜಾಗದಲ್ಲೇ ಮುಂದೆ ಕಡಿಯುತ್ತೆ. ರವಿವಾರ ಪೇಠ್‌ನಲ್ಲಿ ಇಮಿಟೇಶನ್ ಆಭರಣದ ಸಾಮಾನು ಮಾರೋ ಅಂಗಡಿಗಳಿವೆಯಲ್ಲ, ಅಲ್ಲಿ ಕೇಳು, ಮಣಿ, ತಂತಿ, ಇಕ್ಕಳ ಒಂದೇ ಸುತ್ತಿನಲ್ಲಿ ಮುಗಿಯುತ್ತೆ. ಇಕ್ಕಳಕ್ಕೆ ಮರಾಠಿಯಲ್ಲಿ ಪಕ್ಕಡ್ ಅಂದರೆ ಸಾಕು.

ತಂತಿ ವಿಷಯ ಗಮನ ಇಟ್ಟು ಓದು. ಇಂಟರ್ನೆಟ್ಟಿನಲ್ಲಿ ಜಪಸರಕ್ಕೆ 20 ಗೇಜ್ ತಂತಿ ಅಂತ ಇರುತ್ತೆ. ಅದು ಅಮೆರಿಕದ ಲೆಕ್ಕ, 0.81 ಮಿಲಿಮೀಟರ್. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ನಡೆಯೋದು ಬ್ರಿಟಿಷ್ ಗೇಜು, ಎಸ್‌ಡಬ್ಲ್ಯುಜಿ. ಅದರಲ್ಲಿ 20 ಅಂದ್ರೆ 0.91. ಹಳೇ ಮಣಿಯ ತೂತಿಗೆ ಅದು ಇಳಿಯದೇ ಹೋಗಬಹುದು. ನೀನು ಜೋರು ಮಾಡಿ ತಳ್ಳಿದರೆ ಒಣಗಿದ ಮರ ಸೀಳು ಬಿಡುತ್ತೆ. ಎಸ್‌ಡಬ್ಲ್ಯುಜಿ 21 ಕೇಳಿದರೆ 0.81 ಸಿಗುತ್ತೆ, 22 ಕೇಳಿದರೆ 0.71. ಗೇಜಿನ ಗೊಂದಲವೇ ಬೇಡ ಅಂದ್ರೆ ಮಿಲಿಮೀಟರಿನಲ್ಲಿ ಕೇಳು, ಕಡಿದ ತಂತಿಯ ತುಂಡೊಂದನ್ನ ಜೊತೆಗೆ ತಗೊಂಡು ಹೋಗು. ಅದರ ದಪ್ಪವನ್ನ ಮಣಿಯೊಳಗೆ ಇದ್ದ ಭಾಗದಲ್ಲಿ ಅಳೆಯಬೇಕು, ಅಲ್ಲಿ ಸವೆದಿರೋದಿಲ್ಲ.

ಹಿತ್ತಾಳೆ ತಂತಿ ಕಲಿಯೋರಿಗೆ ಒಳ್ಳೇದು, ಮಾತು ಕೇಳುತ್ತೆ. ಜರ್ಮನ್ ಸಿಲ್ವರ್ ಅಂತ ಕೊಡ್ತಾರೆ, ಅದರಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ, ತಾಮ್ರ, ನಿಕ್ಕಲ್, ಸತು ಅಷ್ಟೇ. ಬಣ್ಣ ನಿನ್ನ ಸರಕ್ಕೆ ಹೊಂದುತ್ತೆ, ಆದರೆ ನಿಕ್ಕಲ್ ಅಲರ್ಜಿ ಇರೋರಿಗೆ ಆಗದು. ಸ್ಟೇನ್‌ಲೆಸ್ ಸ್ಟೀಲ್ ಬಿಗಿ, ಸುತ್ತಿದ್ದು ಹಿಂದಕ್ಕೆ ಚಿಮ್ಮುತ್ತೆ. ಹಳೇ ಮೆತ್ತನೆ ಪದಕಕ್ಕೆ ಸ್ಟೀಲ್ ಕೊಂಡಿ ಹಾಕಿದರೆ ವರ್ಷಗಳ ಮೇಲೆ ಪದಕದ ಕಿವಿಯನ್ನೇ (ಕೊಂಡಿ ಸಿಕ್ಕಿಸೋ ಸಣ್ಣ ಬಳೆ) ಅದು ತಿಂದುಹಾಕುತ್ತೆ.

ಕೊಂಡಿ ಮಾಡೋದು: ತಂತಿಯ ಒಂದು ತುದಿಯಲ್ಲಿ ಕೊಂಡಿ ಮಾಡಿ ಮಣಿ ಪೋಣಿಸು. ಈಚೆ ಕಡೆ ತಂತಿಯನ್ನ ಮಣಿಯ ಬಾಯಿಗೆ ತಾಗಿಸಿ ನೇರ 90 ಡಿಗ್ರಿ ಮಡಿಸು. ಮಡಿಕೆಯಿಂದ ಸುಮಾರು 10 ಮಿಲಿಮೀಟರ್ ಬಿಟ್ಟು ಕತ್ತರಿಸು. ತುದಿಯನ್ನ ರೌಂಡ್ ನೋಸಿನಲ್ಲಿ ಹಿಡಿದು, ಮಡಿಸಿದ ದಿಕ್ಕಿನ ವಿರುದ್ಧಕ್ಕೆ ಸುತ್ತು. ಒಂದೇ ಸಲಕ್ಕೆ ಮಣಿಕಟ್ಟು ಪೂರ್ತಿ ತಿರುಗೋದಿಲ್ಲ, ಅರ್ಧ ಸುತ್ತಿ, ಹಿಡಿತ ಬದಲಾಯಿಸಿ, ಉಳಿದರ್ಧ ಸುತ್ತು. ಕೊಂಡಿ ಮಣಿಯ ತೂತಿನ ನೇರ ಮೇಲೆ ಕೂರಬೇಕು, ಒಂದು ಪಕ್ಕಕ್ಕೆ ವಾಲಬಾರದು. ಇಕ್ಕಳದ ಒಂದೇ ಜಾಗದಲ್ಲಿ ಪೆನ್ನಿನಿಂದ ಗುರುತು ಹಾಕ್ಕೊಂಡು ಅಲ್ಲೇ ಸುತ್ತಿದರೆ ಎಲ್ಲಾ ಕೊಂಡಿ ಒಂದೇ ಅಳತೆ ಬರುತ್ತೆ. ಆಮೇಲೆ ಕಿಟಕಿ ಬೆಳಕಿಗೆ ಹಿಡಿ. ಬಾಯಿ ಮುಚ್ಚಿದ ಕಡೆ ಬೆಳಕು ಕಂಡರೆ ಮತ್ತೆ ಒತ್ತು. ಉಗುರಿಗೂ ಸಿಕ್ಕಬಾರದು, ಸೀರೆಯ ದಾರಕ್ಕೂ ಸಿಕ್ಕಬಾರದು.

ರಿಂಗ್ ಬಿಚ್ಚುವಾಗ ಎರಡು ತುದಿಯನ್ನ ಆಚೆ ಈಚೆ ಎಳೆದು ಅಗಲ ಮಾಡಬೇಡ. ಒಂದು ತುದಿ ನಿನ್ನ ಕಡೆ, ಇನ್ನೊಂದು ಆಚೆ ಕಡೆ, ಬಾಗಿಲು ತೆರೆದ ಹಾಗೆ ಪಕ್ಕಕ್ಕೆ ತಿರುಗಿಸು. ಮುಚ್ಚುವಾಗಲೂ ಹಾಗೇ. ಎಳೆದರೆ ಗುಂಡು ಹೋಗಿ ಮೊಟ್ಟೆಯಾಗುತ್ತೆ, ಮತ್ತೆ ಸರಿ ಕೂರೋದಿಲ್ಲ.

ಪದಕದ ಪಕ್ಕದ ರಿಂಗ್ ಬಾಯಿ ಬಿಟ್ಟಿದೆ ಅಂದೆಯಲ್ಲ, ಅದಕ್ಕೆ ಬೇಜಾರು ಬೇಡ. ಯಾರೋ ಜೋರಾಗಿ ಎಳೆದಾಗ ಅಥವಾ ಬಾಗಿಲ ಚಿಲಕಕ್ಕೆ ಸಿಕ್ಕಾಗ ಆ ರಿಂಗ್ ಬಿಟ್ಟುಕೊಟ್ಟು ಮಣಿಗಳನ್ನ ಉಳಿಸಿದೆ. ನಾನೂ ಹಾಗೇ ಮಾಡೋದು. ಮಣಿಗಳ ಕೊಂಡಿಯನ್ನೆಲ್ಲ ಬಿಗಿ ಮಾಡಿ, ಪದಕದ ಹತ್ತಿರದ ರಿಂಗ್ ಮಾತ್ರ ಒಂದು ನೂಲು ಸಣ್ಣ ತಂತಿಯದ್ದು ಹಾಕ್ತೀನಿ. ಎಲ್ಲಾ ಕಡೆ ಬೆಸುಗೆ ಹಾಕಿ ಉಕ್ಕಿನಂಗೆ ಮಾಡಿದರೆ, ಎಳೆದ ದಿನ ಮಣಿ ಒಡೆಯುತ್ತೆ. ಮಗುವಿನ ಕೈಗೆ ಕೊಡೋ ಸರಕ್ಕಂತೂ ಇಂಥ ಬಿಟ್ಟುಕೊಡೋ ಜಾಗ ಇರಲೇಬೇಕು.

ಕಳೆದ ಮಣಿಗೆ ನನ್ನ ಪದ್ಧತಿ ಒಂದಿದೆ. ಹೊಸ ಮಣಿಯನ್ನ ಹತ್ತರ ಸಾಲಿಗೆ ಹಾಕಬೇಡ. ಬಾಲದ ಮೂರು ಸಣ್ಣ ಮಣಿಯಲ್ಲಿ ಒಂದನ್ನ ಬಿಚ್ಚಿ ಎರಡನೇ ಹತ್ತಕ್ಕೆ ಸೇರಿಸು, ಹೊಸದು ಬಾಲಕ್ಕೆ ಹೋಗಲಿ. ಆಗ ಐದೂ ರಹಸ್ಯಗಳಲ್ಲಿ (ಒಂದೊಂದು ಹತ್ತಕ್ಕೂ ಒಂದೊಂದು ಧ್ಯಾನ) ನಿನ್ನ ಬೆರಳು ಅಜ್ಜಿಯ ಮಣಿ ಮೇಲೇ ಹೋಗುತ್ತೆ. ಹೊಸ ಮಣಿಯನ್ನ ಸುಳ್ಳು ಬಣ್ಣ ಬಳಿದು ಹಳೇದರಂಗೆ ಕಾಣಿಸೋದೂ ಬೇಡ. ಅಳತೆ ಹೊಂದೋ ಕಪ್ಪು ಮರದ ಮಣಿ ಸಾಕು, ನೀನು ಜಪ ಮಾಡ್ತಾ ಮಾಡ್ತಾ ಅದೂ ಬಣ್ಣ ಬಿಡುತ್ತೆ.

ಶುಚಿ ಮಾಡೋ ಹೆಸರಲ್ಲಿ ಸೋಪಿನ ನೀರಲ್ಲಿ ನೆನೆಹಾಕಬೇಡ, ಮರ ಉಬ್ಬುತ್ತೆ. ಒಣ ಮೆತ್ತನೆ ಬ್ರಶ್ಶು, ಹತ್ತಿ ಬಟ್ಟೆ, ಅಷ್ಟೇ. ತಂತಿ ನಿಜವಾಗಿ ಬೆಳ್ಳಿಯದ್ದೇ ಆದರೆ ಅದರ ಕಪ್ಪು ಗಾಳಿಯ ಗಂಧಕದಿಂದ ಆಗಿದ್ದು, ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತೆ. ಬಿಸಿನೀರು, ಅಡಿಗೆ ಸೋಡಾ, ಅಲ್ಯುಮಿನಿಯಂ ಹಾಳೆ ಹಾಕೋ ಉಪಾಯ ಬರೀ ಬೆಳ್ಳಿ ಸರಪಳಿಗೆ ಸರಿ, ಮರ, ಮುತ್ತು ಇರೋ ಸರಕ್ಕೆ ಬೇಡವೇ ಬೇಡ. ಮಾತೆಯ ಮುಖದ ಗೆರೆಗಳಲ್ಲಿರೋ ಕಪ್ಪನ್ನ ಬಿಡು. ಅದು ಇರೋದಕ್ಕೇ ಆ ಸವೆದ ಮುಖ ಕಾಣ್ತಿರೋದು.

ಬ್ರದರ್_ಗುರುಮಠ

ಅಕ್ಕಾ, ನಾನು ಪುಣೆಯಲ್ಲಿ ದೇವಶಾಸ್ತ್ರ ಓದ್ತಿದ್ದೇನೆ. ಆಶೀರ್ವಾದದ ಪ್ರಶ್ನೆಗೆ ಉತ್ತರ ಕೊಡ್ತೀನಿ.

ಒಂದು ಮಣಿ ಬದಲಾದರೆ, ತಂತಿ ಹೊಸದಾದರೆ ಜಪಸರದ ಆಶೀರ್ವಾದ ಹೋಗೋದಿಲ್ಲ. ಭಕ್ತಿಯ ವಸ್ತುಗಳ ಇಂಡಲ್ಜೆನ್ಸ್ (ಪಾಪದ ಶಿಕ್ಷೆಯಿಂದ ವಿನಾಯಿತಿ) ಬಗ್ಗೆ ಧರ್ಮಸಭೆಯ ನಿಯಮ ಹೇಳೋದು ಇಷ್ಟೇ: ಆ ವಸ್ತು ಪೂರ್ತಿ ನಾಶವಾದರೆ ಅಥವಾ ಮಾರಿದರೆ ಮಾತ್ರ ಅದು ನಿಲ್ಲುತ್ತೆ. ನಿಮ್ಮದು ಎರಡೂ ಅಲ್ಲ. ಆದರೂ ಮನಸ್ಸಿಗೆ ಸಮಾಧಾನ ಬೇಕು ಅಂದ್ರೆ ಭಾನುವಾರ ಪೂಜೆ ಮುಗಿದ ಮೇಲೆ ಸ್ವಾಮಿಗಳ ಕೈಗೆ ಕೊಡಿ, ಸಂತೋಷದಿಂದ ಆಶೀರ್ವದಿಸಿ ಕೊಡ್ತಾರೆ. ಅಂಗಡಿಯವರು ಹೇಳಿದಂತೆ ಎಲ್ಲ ಮಣಿಯನ್ನೂ ಬದಲಾಯಿಸಿದ್ದರೆ, ಅದನ್ನು ಹೊಸ ಸರ ಅಂತಲೇ ಎಣಿಸಿ ಆಶೀರ್ವಾದ ಮಾಡಿಸಿ ಅಂತಿದ್ದೆ.

ತೆಗೆದ ಹಳೇ ತಂತಿ ಚೂರುಗಳನ್ನು ಕಸದ ಡಬ್ಬಿಗೆ ಹಾಕಬೇಡಿ. ಆಶೀರ್ವದಿಸಿದ ವಸ್ತುಗಳನ್ನು ಗೌರವದಿಂದ ಕಾಣಬೇಕು ಅಂತ ಧರ್ಮಸಭೆಯ ಕಾನೂನಿನ 1171ನೇ ನಿಯಮ ಹೇಳುತ್ತೆ. ಹೂವಿನ ಕುಂಡದ ಮಣ್ಣಿನಲ್ಲಿ ಹೂತರೂ ಸಾಕು. ಒಡೆದ ಮರದ ಮಣಿಯಾದರೆ ಸುಡಲೂಬಹುದು.

ಸರ ಮಾಡಿ ಮಾರುವವರಿಗೂ ಇದೇ ಸಂದರ್ಭದಲ್ಲಿ ಒಂದು ಮಾತು. ಆಶೀರ್ವಾದ ಮಾಡಿಸಿ ಮಾರಬೇಡಿ. ಕೊಂಡವರು ಆಮೇಲೆ ಮಾಡಿಸಿಕೊಳ್ಳಲಿ.

ವಸಯಿ_ದಾರದಗಂಟು

ಟೂಲ್‌ರೂಮ್ ಅಂಕಲ್ ಬರೆದಿದ್ದು ಓದಿ ಖುಷಿಯಾಯ್ತು. ನಾನು ಮುಂಬಯಿ ಪಕ್ಕದ ವಸಯಿಯವಳು, ತಂತಿ ಕೆಲಸ ಬರೋದಿಲ್ಲ, ನಾನು ಮಾಡೋದು ದಾರದ ಜಪಸರ. ಮಣಿಯೇ ಇಲ್ಲ, ಮೂರು ಸುತ್ತಿನ ಗಂಟೇ ಮಣಿ. ನಂಬರ್ 36 ನೈಲಾನ್ ಹುರಿಯಾದರೆ ಒಂದು ಸರಕ್ಕೆ ಸುಮಾರು 20 ಅಡಿ ಬೇಕಾಗುತ್ತೆ. ದೊಡ್ಡ ಮಣಿ ಜಾಗಕ್ಕೆ ಒಂದು ಸುತ್ತು ಜಾಸ್ತಿ ಹಾಕಿ, ಎರಡೂ ಪಕ್ಕ ಸ್ವಲ್ಪ ಅಂತರ ಬಿಡ್ತೀನಿ, ಕಣ್ಣು ಮುಚ್ಚಿದ್ದರೂ ಬೆರಳಿಗೆ ಗೊತ್ತಾಗುತ್ತೆ. ಕೊನೆಗೆ ತುದಿಯನ್ನು ಊದುಬತ್ತಿಯ ಕೆಂಡಕ್ಕೆ ತಾಗಿಸಿದರೆ ಕರಗಿ ಗಟ್ಟಿಯಾಗುತ್ತೆ. ಲೋಕಲ್ ಟ್ರೇನಿನಲ್ಲಿ ನಿಂತು ಜಪ ಮಾಡೋರಿಗೆ ಇದೇ ಒಳ್ಳೇದು, ಸದ್ದಿಲ್ಲ, ಕಡಿಯೋದಿಲ್ಲ, ಆಸ್ಪತ್ರೆಯಲ್ಲಿ ಮಲಗಿರೋರ ದಿಂಬಿನ ಕೆಳಗೂ ಚುಚ್ಚೋದಿಲ್ಲ.

ಹೇಮಾವತಿ, ದಿನಾ ಆಫೀಸಿಗೆ ಒಯ್ಯೋದಕ್ಕೆ ಇಂಥದ್ದೊಂದು ಇಟ್ಟುಕೊಳ್ಳಿ, ಅಜ್ಜಿಯದು ಮನೆಯ ಪೀಠದ ಹತ್ತಿರ ಇರಲಿ. ಎಲಾಸ್ಟಿಕ್ ಬೇಡ ಅಂದಿದ್ದು ಸರಿ. ಅದು ಬೆವರಿಗೆ ಸಡಿಲಾಗುತ್ತೆ, ತುಂಡಾದ ದಿನ ಎಲ್ಲ ಮಣಿಯೂ ಒಟ್ಟಿಗೆ ಚೆಲ್ಲುತ್ತೆ. ತಂತಿ ಸರದಲ್ಲಾದರೆ ಹೋದರೆ ಒಂದು ಮಣಿ.

ಹೇಮಾವತಿ_ದಡ

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಓದ್ತಾ ಕಣ್ಣು ತುಂಬಿ ಬಂತು. ಟವೆಲ್ ಮೇಲೆ ಹಾಸಿ ಎಣಿಸಿದೆ ಅಂಕಲ್, 52 ಸಣ್ಣದು, 6 ದೊಡ್ಡದು, ಸರಿಯಾಗಿ 58. ಕೊಂಡಿಗಳಲ್ಲಿ ನಾಲ್ಕೈದು ತುಂಬಾ ಸವೆದಿವೆ, ಉಳಿದವು ಗಟ್ಟಿ ಇವೆ. ನಾಳೆ ಪ್ರಾಕ್ಟೀಸಿಗೆ ಅಗ್ಗದ ಸರ ತರ್ತೀನಿ ಟೀಚರ್.

ಆದರೆ ಈಗ ಒಂದು ಹೊಸ ಸಮಸ್ಯೆ ಕಂಡಿತು. ಪದಕದ ಮೂರು ಕಿವಿಗಳಲ್ಲಿ ಕೆಳಗಿನದು, ಬಾಲ ನೇತಾಡೋ ಕಡೆಯದು, ಕೂದಲಿನಷ್ಟು ಸಣ್ಣಗಾಗಿದೆ. ಅಲ್ಲಿ ಹೊಸ ರಿಂಗ್ ಹಾಕಿದರೆ ಅದು ತಡೆಯುತ್ತಾ? ಬೆಸುಗೆ ಹಾಕಿಸಲಾ?

ಟೂಲ್‌ರೂಮ್_ನಿವೃತ್ತ

ಕೆಳಗಿನ ಕಿವಿಯೇ ಮೊದಲು ಸವೆಯೋದು ಸಹಜ ಕಣಮ್ಮಾ, ಶಿಲುಬೆಯ ಭಾರ ಪೂರ್ತಿ ಅದರ ಮೇಲೇ. ಸೊಂಟಕ್ಕೆ ಸಿಕ್ಕಿಸಿಕೊಳ್ಳೋ 15 ಹತ್ತರ ಉದ್ದದ ಸರಗಳಲ್ಲಿ ಇದು ಇನ್ನೂ ಜಾಸ್ತಿ.

ಮನೆಯಲ್ಲಿ ಬೆಸುಗೆಗೆ ಕೈ ಹಾಕಬೇಡ. ಹಳೇ ಪದಕಗಳು ಎಷ್ಟೋ ಸಲ ತವರ, ಸೀಸ ಬೆರೆಸಿದ ಬಿಳಿ ಲೋಹದವು. ಬೆಳ್ಳಿ ಅಂದ್ಕೊಂಡು ಬೆಂಕಿ ತೋರಿಸಿದರೆ ಕಣ್ಣೆದುರೇ ಕರಗಿ ಬೊಟ್ಟಾಗುತ್ತೆ. ಬೆಳ್ಳಿ ಕೆಲಸದವರಿಗೆ ಲೋಹ ಯಾವುದು ಅಂತ ಮೊದಲು ಪರೀಕ್ಷೆ ಮಾಡಿಸು. ಬೆಳ್ಳಿ ಅಥವಾ ಹಿತ್ತಾಳೆ ಅಂದರೆ ಅವರ ಕೈಯಲ್ಲೇ ಕಿವಿ ತುಂಬಿಸು. ಕೊಡೋ ಮುಂಚೆ ಪದಕವನ್ನ ಸರದಿಂದ ಬಿಡಿಸಿ, ಅದೊಂದನ್ನೇ ಕೊಡಬೇಕು. ಮಣಿ, ಶಿಲುಬೆ ಎರಡೂ ನಿನ್ನ ಹತ್ತಿರಾನೇ ಇರಲಿ, ಶಿಲುಬೆಯ ಮರಕ್ಕೆ ಬಿಸಿ ತಾಗಬಾರದು. ಪಾಲಿಶ್ ಮಾಡಬೇಡಿ ಅಂತ ಬಾಯಿಬಿಟ್ಟು ಹೇಳು, ಇಲ್ಲಾಂದ್ರೆ ಅಭ್ಯಾಸಬಲದಿಂದ ಚಕ್ರಕ್ಕೆ ಹಿಡಿದು ಉಳಿದ ಮೂಗನ್ನೂ ತೆಗೆದುಬಿಡ್ತಾರೆ.

ಬಿಳಿ ಲೋಹ ಅಂತ ಬಂದರೆ ಬೆಸುಗೆ ಬಿಟ್ಟುಬಿಡು. ಆ ಕಿವಿಗೆ ರಿಂಗೇ ಹಾಕೋದಾದರೆ ಒಂದರ ಬದಲು ಎರಡು ಸಣ್ಣ ರಿಂಗ್ ಜೋಡಿಯಾಗಿ ಹಾಕು, ಭಾರ ಎರಡು ಕಡೆ ಹಂಚುತ್ತೆ. ರಿಂಗು ಪದಕಕ್ಕಿಂತ ಮೆತ್ತಗಿರಬೇಕು, ಸವೆಯೋದು ರಿಂಗೇ ಆಗಲಿ, ಅದನ್ನ ಬದಲಾಯಿಸಬಹುದು. ಬಿಳಿ ಲೋಹಕ್ಕಿಂತ ಮೆತ್ತನೆ ತಂತಿ ಸಿಗೋದು ಕಷ್ಟ, ಹಾಗಾಗಿ ಅಲ್ಲಿ ನಾನಾದರೆ ರಿಂಗಿನ ಬದಲು ರೇಷ್ಮೆ ದಾರ ನಾಲ್ಕೆಳೆ ಹೊಸೆದು ಕಟ್ತೀನಿ. ವರ್ಷಕ್ಕೊಂದು ಸಲ, ಅಕ್ಟೋಬರ್ ಬರೋ ಮುಂಚೆ ದಾರ ಬದಲಾಯಿಸಿದರಾಯ್ತು.

ಈಗ ಹಗಲು ಬೆಳಕಿನಲ್ಲಿ ಆ ಕಿವಿಯ ಫೋಟೊ ಹತ್ತಿರದಿಂದ ತೆಗೆದು ಹಾಕು, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟಿರು. ಪದಕದ ಹಿಂಬದಿಯಲ್ಲಿ ಅಕ್ಷರ, ಮುದ್ರೆ ಏನಾದರೂ ಕಂಡರೆ ಅದರದ್ದೂ ಒಂದು ಇರಲಿ. ಅಳತೆ ನೋಡಿ ರಿಂಗಿನ ದಪ್ಪ ಎಷ್ಟಿರಬೇಕು ಅಂತ ಬರೀತೀನಿ, ಆಮೇಲೆ ರವಿವಾರ ಪೇಠ್‌ಗೆ ಹೋದರೆ ಸಾಕು.